ಉನ್ನತ ಗಣಿತಕ್ಕೆ ಇಬ್ಬರು

ನಮ್ಮ ಶಾಲೆಯಲ್ಲಿ ಉನ್ನತ ಗಣಿತದ ತರಗತಿ ನಡೆಯಬೇಕಾದರೆ ಕನಿಷ್ಠ ಇಬ್ಬರು ಇರಬೇಕಿತ್ತು. ಆ ವರ್ಷ ಇದ್ದವರು ಸರಿಯಾಗಿ ಇಬ್ಬರೇ: ನಾನು ಮತ್ತು ವಕೀಲಮ್ಮ.

ವಕೀಲಮ್ಮ ಅಂದರೆ ನನ್ನ ಗೆಳತಿ. ಬಸ್ಸು ಐದು ನಿಮಿಷ ತಡವಾದರೂ ಡ್ರೈವರ್ ಜೊತೆ ವಾದಕ್ಕೆ ನಿಲ್ಲುವವಳು. ಮುಂದೆ ಕೋರ್ಟಿನಲ್ಲೇ ವಾದಿಸುವುದು ಅವಳ ಆಸೆ. ಗಣಿತವೆಂದರೆ ಅವಳಿಗೆ ಕಬ್ಬಿಣದ ಕಡಲೆ. ಆದರೂ "ನೀನೊಬ್ಳೇ ಆಗ್ಬಿಡ್ತೀಯಲ್ಲೇ" ಎಂದು ನನಗೋಸ್ಕರ ಸೇರಿದ್ದಳು. ನನಗೆ ಬೇರೆ ಗೆಳತಿಯರಿರಲಿಲ್ಲ. ನನ್ನ ಬಾಯಿ ಒರಟು, ಅದು ನನಗೂ ಗೊತ್ತು.

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಚಿಕ್ಕಂದಿನಲ್ಲಿ ಅವರ ಹಿಂದೆ ಹಿಂದೆ ಮೋಟಾರು ಕೋಣೆಗಳಿಗೆ ಹೋಗಿ, ಗ್ರೀಸ್ ಮೆತ್ತಿಕೊಂಡು ಬೈಸಿಕೊಂಡವಳು ನಾನು. "ಯಾರೋ ಮಾಡಿದ್ದನ್ನ ನಾನು ಬಿಚ್ಚಿ ಜೋಡಿಸ್ತೀನಿ ಅಷ್ಟೇ ಮಗಳೇ. ನೀನು ಮಾಡೋಳಾಗು" ಎನ್ನುತ್ತಿದ್ದರು. ಎಂಜಿನಿಯರಿಂಗ್ ಸೇರಲು ಉನ್ನತ ಗಣಿತ ಬೇಕೇ ಬೇಕು.

ವಿಶ್ವವಿದ್ಯಾಲಯದ ಪ್ರವೇಶ ಕೈಪಿಡಿಯನ್ನು ಇಬ್ಬರ ಪರವಾಗಿಯೂ ನಾನೇ ಓದುತ್ತಿದ್ದೆ. ಸಣ್ಣ ಅಕ್ಷರ ಕಂಡರೆ ವಕೀಲಮ್ಮನಿಗೆ ಆಕಳಿಕೆ. "ನಂಗೆ ಯಾವ್ಯಾವ ಸಬ್ಜೆಕ್ಟ್ ಬೇಕು ಅಂತ ನೀನೇ ನೋಡಿ ಹೇಳೇ" ಎಂದಿದ್ದಳು. ತರಗತಿ ಶುರುವಾದ ಎರಡನೆಯ ದಿನ, ಕಾನೂನು ಕೋರ್ಸಿನ ಪುಟದ ತಳದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಇತಿಹಾಸ ಕಡ್ಡಾಯ. ಇತಿಹಾಸದ ಪಾಠ ನಡೆಯುತ್ತಿದ್ದುದು ಗಣಿತದ ಹೊತ್ತಿನಲ್ಲೇ.

ಕೈಪಿಡಿ ಮುಚ್ಚಿಟ್ಟೆ. ನಾಳೆ ಹೇಳೋಣ ಎಂದುಕೊಂಡೆ. ಹೀಗೆ ಹನ್ನೆರಡು ನಾಳೆಗಳು ಕಳೆದವು. ಗಣಿತದ ಮೇಷ್ಟ್ರು "ಏನಾದ್ರೂ ಹೇಳೋದಿದ್ಯಾ?" ಎಂದು ಸುಮ್ಮನೆ ಕೇಳಿದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬೆಚ್ಚುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಅವಳಿಗೆ ಮೂರು ಅಂಕ ಬಂತು.

"ಸೊನ್ನೆಗಿಂತ ಮೇಲಲ್ವೇನೇ?" ಎಂದು ನಕ್ಕಳು. "ನಿಂಗೋಸ್ಕರ ಎರಡು ವರ್ಷ ತಡ್ಕೋತೀನಿ ಬಿಡು."

ನನಗೆ ನಗು ಬರಲಿಲ್ಲ. ಮರುದಿನವೇ ವಿಷಯ ಬದಲಾಯಿಸಲು ಕೊನೆಯ ದಿನ. ಆ ಕೊನೆಯ ದಿನ ಸಂಜೆ ಗುಮಾಸ್ತರು ಕಚೇರಿಯ ಕಿಟಕಿ ಮುಚ್ಚುವ ಹೊತ್ತಿಗೆ ಅವಳನ್ನು ಅಲ್ಲಿಗೆ ಎಳೆದುಕೊಂಡು ಹೋಗಿ, ಪುಟ ತೆರೆದು ತೋರಿಸಿದೆ.

ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. "ಯಾವಾಗ ನೋಡ್ದೆ ಇದನ್ನ?"

"ಎರಡನೇ ದಿನ."

ಅವಳು ವಾದಿಸುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಅವಳು ಅರ್ಜಿ ಬರೆದು ಕಿಟಕಿಯೊಳಗೆ ಕೊಟ್ಟು ಹೊರಟೇಹೋದಳು.

"ಒಬ್ಳಿಗೋಸ್ಕರ ಕ್ಲಾಸ್ ನಡ್ಸೋಕೆ ಬಿಡಲ್ಲಮ್ಮ" ಎಂದರು ಮೇಷ್ಟ್ರು. "ನೀನೇ ಓದ್ಕೊಂಡು ಖಾಸಗಿಯಾಗಿ ಪರೀಕ್ಷೆ ಕಟ್ಟು. ವಾರಕ್ಕೊಂದ್ಸಲ ಊಟದ ಬಿಡುವಲ್ಲಿ ಬಾ, ಲೆಕ್ಕ ನೋಡ್ತೀನಿ."

ಖಾಲಿ ಕೋಣೆಯಲ್ಲಿ ಒಬ್ಬಳೇ ಲೆಕ್ಕ ಮಾಡತೊಡಗಿದೆ. ಪಕ್ಕದ ಕೋಣೆಯಲ್ಲೇ ಇತಿಹಾಸ. ಸತ್ತು ಐನೂರು ವರ್ಷವಾದ ಯಾವುದೋ ರಾಜನ ಪರವಾಗಿ ವಕೀಲಮ್ಮ ವಾದಿಸುವುದು, ಎಲ್ಲರೂ ಗೊಳ್ಳೆಂದು ನಗುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಒಮ್ಮೊಮ್ಮೆ ಅಳು ಬರುತ್ತಿತ್ತು. ಅತ್ತು, ಮತ್ತೆ ಲೆಕ್ಕ ಮಾಡುತ್ತಿದ್ದೆ.

ಒಂದು ಭಾನುವಾರ ಅಪ್ಪ ಕೇಳಿದರು: "ಎಲ್ಲಿ ಮಗಳೇ ನಿನ್ನ ವಕೀಲಮ್ಮ? ಮನೆ ಕಡೆ ಬರೋದೇ ಬಿಟ್ಟಿದ್ದಾಳೆ."

"ಅವಳ ಸಬ್ಜೆಕ್ಟ್ ಬೇರೆ ಆಯ್ತಪ್ಪ, ಅದಕ್ಕೆ" ಎಂದೆ.

ಅಪ್ಪ ನಂಬಿದರು. ನಾನು ಹೇಳಿದ್ದನ್ನು ಅವಳೂ ಹೀಗೆಯೇ ನಂಬುತ್ತಿದ್ದಳು.