ನಾನೂರ ಹದಿನೇಳಕ್ಕೆ ವಿಶ್ರಾಂತಿ

ಗೋಡೆಗೆ ಒರಗಿಸಿ ಕೂರಿಸಿದ್ದ ಏಕಾಂತಪ್ಪನವರ ಪಾರ್ಥಿವ ಶರೀರದ ಹಣೆಗೆ ಮಗಳು ವೇದಾ ವಿಭೂತಿ ಹಚ್ಚುತ್ತಿದ್ದಳು. ವಾಣಿ ಹಾರ ಹಾಕಿ ಹಿಂದೆ ಸರಿದಳು.

"ಶಿವಮೊಗ್ಗದಿಂದ ಬಂದ್ರಾ? ಅಪ್ಪ ಬರೆದ ಪ್ರೋಗ್ರಾಂ ಬದಲಾಯಿಸ್ತಿರೋರು ನೀವೇ ಅಲ್ವಾ?"

"ಹೌದು. ಹೋದ ವಾರ ಫೋನ್ ಮಾಡಿದ್ದೆ."

"ಆವತ್ತಿಂದ ಅಪ್ಪ ಸರಿಯಾಗಿ ಊಟಾನೇ ಮಾಡ್ಲಿಲ್ಲ."



*

ಭದ್ರಾವತಿಯಾಚೆ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯೊಂದರಲ್ಲಿ ಯಾರಿಗೆ ಯಾವ ಪಾಳಿ ಎಂದು ಇಂದಿಗೂ ನಿರ್ಧರಿಸುತ್ತಿದ್ದುದು ಏಕಾಂತಪ್ಪ ಪ್ರಾಯದಲ್ಲಿ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಅದನ್ನು ಹೊಸ ಭಾಷೆಯಾದ ಜಾವಾಕ್ಕೆ ತರುವ ಕೆಲಸ ವಾಣಿಯದು. ಹಳೆಯ ಸಾಲುಗಳನ್ನು ಓದಿ ಹೊಸದಾಗಿ ಬರೆಯುವುದಕ್ಕೂ ಒಂದು ಸಾಫ್ಟ್‌ವೇರ್ ಇತ್ತು. ಅದು ಒಂದು ಸಾಲನ್ನು ನಿರುಪಯುಕ್ತವೆಂದು ಬಿಟ್ಟುಬಿಟ್ಟಿತು: ನಂಬರು 417 ಆದರೆ, ವಿಶ್ರಾಂತಿ. ಆ ನಂಬರಿನ ಕಾರ್ಮಿಕನೇ ಫೌಂಡ್ರಿಯಲ್ಲಿರಲಿಲ್ಲ.

"ಸರ್, 417 ಯಾರು?" ಎಂದು ಫೋನಿನಲ್ಲಿ ಕೇಳಿದ್ದಳು.



"ಮೂರ್ತಪ್ಪ. ನೈಟ್ ಶಿಫ್ಟ್ ಮುಗ್ಸಿದ್ದ. ಬೆಳಗ್ಗೆ ಯಾರೋ ಬರ್ಲಿಲ್ಲ ಅಂತ ನನ್ನ ಪ್ರೋಗ್ರಾಂ ಅವನನ್ನೇ ಮತ್ತೆ ಫರ್ನೇಸ್ ಡ್ಯೂಟಿಗೆ ಹಾಕ್ತು. ರಾತ್ರಿ ದುಡಿದೋನಾ ಅಂತ ನೋಡೋ ಸಾಲು ಬರೆಯೋದನ್ನೇ ಮರ್ತಿದ್ದೆ ನಾನು. ನಿದ್ದೆಗಣ್ಣಲ್ಲಿ ಜಾರಿಬಿದ್ದು ಸತ್ತ. ಕುಡಿದಿದ್ದ ಅಂತ ಫೌಂಡ್ರಿಯೋರು ಬರ್ಕೊಂಡ್ರು. ನಾನು ಬಾಯಿ ಬಿಡ್ಲಿಲ್ಲ. ಅವನು ಹೋದ್ಮೇಲೆ ಅವನಿಗೆ ಅಂತ ಬರೆದ ಸಾಲು ಅದು, ತೆಗೀಬೇಡ ಮಾರಾಯ್ತಿ."

ವಾಣಿ ಅದನ್ನು ತನ್ನ ಕೈಯಾರೆ ಮತ್ತೆ ಸೇರಿಸಿದ್ದಳು.

*

ರುದ್ರಭೂಮಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ವಾಣಿಯ ಪಕ್ಕದಲ್ಲಿ ನಿಂತು ಬಿಕ್ಕುತ್ತಿದ್ದಳು.

"ನಾನು ಜಲಜಮ್ಮ ಅಂತ. ನಮ್ಮೆಜಮಾನ್ರು ಮೂರ್ತಪ್ಪ ಫೌಂಡ್ರೀಲಿ ತೀರ್ಕೊಂಡಾಗ ಮನೆಗೆ ಬಂದೋರು ಇವ್ರೊಬ್ರೇ. ಆಮೇಲೂ ವರ್ಷಾ ವರ್ಷ ಬರ್ತಿದ್ರು. ನಮ್ಮೋರು ಕುಡಿಯೋರೇ ಅಲ್ಲಮ್ಮ. ಯಾರ ಹತ್ರ ಹೇಳಿದ್ರೂ ನಂಬಲ್ಲ. ಇವ್ರು ಮಾತ್ರ ಸುಮ್ನೆ ಕೂತು ಕೇಳೋರು."

ವಾಣಿಗೆ ಸುಮ್ಮನಿರಲಾಗಲಿಲ್ಲ.

"ಅವ್ರು ಕುಡಿದಿರ್ಲಿಲ್ಲ ಜಲಜಮ್ಮ," ಎಂದಳು. ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು.

ಜಲಜಮ್ಮನ ಅಳು ನಿಂತಿತು.

"ನಮ್ಮನೇಲಿ ಕೂತು ಕೇಳ್ವಾಗೆಲ್ಲ ಇವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಷ್ಟರಲ್ಲಿ ವೇದಾ ಬಂದು ಕೈ ಹಿಡಿದಳು. "ಬನ್ನಿ ಜಲಜಮ್ಮ, ಮೊದ್ಲು ನೀವು ಮಣ್ಣು ಹಾಕಿ. ಅಪ್ಪ ನಿಮ್ಮನ್ನ ತಂಗಿ ಅಂತಿದ್ರು."

ಜಲಜಮ್ಮ ಒಂದು ಹಿಡಿ ಮಣ್ಣೆತ್ತಿಕೊಂಡು ಕುಣಿಯ ಅಂಚಿಗೆ ಬಂದಳು. ಕೆಳಗೆ ಏಕಾಂತಪ್ಪ ಕಣ್ಣು ಮುಚ್ಚಿ ಕೂತಿದ್ದರು. ಆಕೆ ಆ ಮುಖವನ್ನೇ ನೋಡುತ್ತ ನಿಂತಳು. ಹಿಂದೆ ಸಾಲುಗಟ್ಟಿದವರು ಕಾದರು. ಯಾರೋ ಕೆಮ್ಮಿದರು. ಬಿಗಿದ ಮುಷ್ಟಿ ತೆರೆಯಲಿಲ್ಲ. ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಸೋರಿ ಅವಳ ಕಾಲ ಮೇಲೆಯೇ ಬೀಳುತ್ತಿತ್ತು.