ನಾಯಂಡಹಳ್ಳಿಯ ಟೆನ್ನಿಸ್ ಪೆಟ್ಟಿಗೆ

ಪಂಕಜ ಮದುವೆಯಾಗಿ ನಾಯಂಡಹಳ್ಳಿಗೆ ಬಂದಾಗ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ತಂತಿಗೆ ಬೆಸುಗೆ ಹಾಕುವ ಒಂದು ಸಾಲ್ಡರಿಂಗ್ ಐರನ್ ಇತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟೀವಿ ಜೋಡಿಸುವ ಸಣ್ಣದೊಂದು ಕಾರ್ಖಾನೆಯಲ್ಲಿ ಅವಳು ಕೆಲವು ವರ್ಷ ಕೆಲಸ ಮಾಡಿದ್ದಳು. ಕೆಲಸ ಬಿಟ್ಟ ದಿನ ಜೊತೆಯ ಹುಡುಗಿಯರು ಸೇರಿ ಕೊಟ್ಟ ಉಡುಗೊರೆ ಅದು. ಹೆಣ್ಣು ನೋಡಲು ಬಂದಾಗಲೇ ಅತ್ತೆ ಅಣ್ಣಮ್ಮ ಹೇಳಿಬಿಟ್ಟಿದ್ದರು: "ನಮ್ಮನೇಲಿ ಹೆಂಗಸ್ರು ಹೊರಗೆ ಕೆಲ್ಸಕ್ಕೆ ಹೋಗೋ ರೂಢಿ ಇಲ್ಲ ಕಣಮ್ಮ."

ಗಂಡ ಗೋಪೀನಾಥ ವಿಜಯನಗರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ, ಮೆತ್ತನೆಯ ಮನುಷ್ಯ. ಮಾವ ದೊಡ್ಡಹನುಮಯ್ಯನವರದು ಮಾತು ಕಡಿಮೆ. ಅವರ ಹೊಲ ಬಡಾವಣೆಗೆ ಹೋಗಿ ವರ್ಷಗಳಾಗಿದ್ದವು. ಎತ್ತುಗಳನ್ನು ಮಾರಿದ್ದರು, ಗಾಡಿಯ ಚಕ್ರಗಳನ್ನೂ ಯಾರೋ ಕೇಳಿ ಕೊಂಡುಹೋಗಿದ್ದರು. ಗಾಡಿಯ ಮೈ ಮಾತ್ರ ಹಿತ್ತಲ ಗೋಡೆಗೆ ಒರಗಿಕೊಂಡಿತ್ತು. ಹಗಲೆಲ್ಲ ಅವರು ಜಗಲಿಯ ಮೇಲೆ ಕೂತು ಮೈಸೂರು ರಸ್ತೆಯ ಲಾರಿಗಳನ್ನು ನೋಡುತ್ತಿದ್ದರು. ಸೊಸೆಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಅವಳು ಎದುರಿಗೇ ನಿಂತಿದ್ದರೂ, "ಲೇ, ಒಂದು ಲೋಟ ನೀರು ಕೊಡಕ್ಕೇಳು" ಎಂದು ಒಳಗಿದ್ದ ಹೆಂಡತಿಗೆ ಕೂಗುವರು.

ಎಂಬತ್ತಾರರ ಬೇಸಿಗೆಯಲ್ಲಿ ಒಂದು ಭಾನುವಾರ ಗೋಪೀನಾಥ ಹೆಂಡತಿಯನ್ನು ಬ್ರಿಗೇಡ್ ರೋಡಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ. ಆಳೆತ್ತರದ ಪೆಟ್ಟಿಗೆಗಳು, ಒಳಗೆ ಮಿನುಗುವ ಪರದೆ, ಮುಂದೆ ನಿಂತು ಗುಂಡಿ ಒತ್ತುವ ಕಾಲೇಜು ಹುಡುಗರು. ಗೋಪೀನಾಥ ಒಂದು ಆಟ ಆಡಿದ, ಇನ್ನೊಂದು ಆಡಿದ, ಜೇಬು ಬರಿದಾಗುವವರೆಗೂ ಆಡಿದ. ಪಂಕಜ ಮಾತ್ರ ಪೆಟ್ಟಿಗೆಯ ಹಿಂದಕ್ಕೆ ಹೋಗಿ ಗಾಳಿಯಾಡಲು ಬಿಟ್ಟ ಕಿಂಡಿಯಲ್ಲಿ ಇಣುಕುತ್ತಿದ್ದಳು.

"ಏನ್ ನೋಡ್ತಿದೀಯ ಅಲ್ಲಿ?" ಎಂದು ಅವನು ಕೇಳಿದ.

"ಒಳಗಿರೋದು ಬರೀ ಟೀವಿ ರೀ. ಅದಕ್ಕೊಂದು ಆಟದ ಬೋರ್ಡು. ಮಿಕ್ಕಿದ್ದು ಮರದ ಪೆಟ್ಟಿಗೆ ಅಷ್ಟೆ."

"ಹಾಗಾದ್ರೆ ನೀನೇ ಒಂದು ಮಾಡ್ಬಿಡು ನೋಡೋಣ."

ಅವನು ತಮಾಷೆಗೆ ಹೇಳಿದ್ದ. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಅವಳು ಅದನ್ನು ನಿಜವೆಂದೇ ತೆಗೆದುಕೊಂಡಿದ್ದಳು.

ಮನೆಯಲ್ಲಿ ಒಂದು ಸತ್ತ ಟೀವಿ ಇತ್ತು. ಬೀದಿಗೇ ಮೊದಲು ಬಂದ ಕಪ್ಪು ಬಿಳುಪು ಟೀವಿ ಅದು, ಎರಡೂ ಕಡೆಗೆ ಸರಿಯುವ ಮರದ ಬಾಗಿಲು, ನಾಲ್ಕು ಕಾಲು. ಅದು ಕೆಟ್ಟ ಮೇಲೆ ಗೋಪೀನಾಥ ಕಂತಿನಲ್ಲಿ ಕಲರ್ ಟೀವಿ ತಂದಿದ್ದ. ಹಳೆಯದರ ಮೇಲೆ ಕ್ರೋಶಾ ಬಟ್ಟೆ ಹೊದಿಸಿ ಅಣ್ಣಮ್ಮ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಪಂಕಜ ಒಂದು ಮಧ್ಯಾಹ್ನ ಕುಂಡ ಇಳಿಸಿ ಅದರ ಬೆನ್ನು ಬಿಚ್ಚಿದಳು. ಪಿಕ್ಚರ್ ಟ್ಯೂಬಿನಲ್ಲಿ ಉಳಿದ ಕರೆಂಟು ಇಳಿಸಲೆಂದು ಸ್ಕ್ರೂಡ್ರೈವರ್ ತಾಗಿಸಿದಾಗ 'ಟಪ್' ಎಂದು ಕಿಡಿ ಹಾರಿತು. ಅಕ್ಕಿ ಆರಿಸುತ್ತಿದ್ದ ಅಣ್ಣಮ್ಮ ಮೊರ ಬಿಟ್ಟು ಎದ್ದುನಿಂತರು.

"ಅಯ್ಯೋ, ಸತ್ತಿರೋ ಟೀವೀಲಿ ಕರೆಂಟೆಲ್ಲಿಂದ ಬಂತೇ! ಬಿಡು ಅದನ್ನ!"

"ಇಳೀತು ಅತ್ತೆ. ಇನ್ನೇನಿಲ್ಲ, ಬನ್ನಿ ಕೂತ್ಕೊಳ್ಳಿ."

ಸುಟ್ಟುಹೋದ ಒಂದೆರಡು ಸಣ್ಣ ಭಾಗಗಳನ್ನು ಬದಲಾಯಿಸಿದ ಮೇಲೆ ಟೀವಿ ಮತ್ತೆ ಬೆಳಗಿತು. ಆಟದ ಬೋರ್ಡು ಸಂಡೇ ಬಜಾರಿನ ಗುಜರಿಯಲ್ಲಿ ಸಿಕ್ಕಿತು. ದುಬೈಯಿಂದಲೋ ಎಲ್ಲಿಂದಲೋ ಯಾರೋ ತಂದು ಕೆಡಿಸಿ ಎಸೆದಿದ್ದ, ಟೀವಿಗೆ ಹಾಕಿ ಆಡುವ ಡಬ್ಬಿ. ಒಳಗೆ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿತ್ತು. ಮಾರುವವನು, "ತಗೊಂಡೋಗಮ್ಮ, ವಾಪಸ್ ಮಾತ್ರ ತರ್ಬೇಡ" ಎಂದು ಹೆಚ್ಚುಕಡಿಮೆ ಸುಮ್ಮನೆಯೇ ಕೊಟ್ಟ. ಪಂಕಜ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಿಲುಬು ಉಜ್ಜಿ, ತುಂಡಾದ ತಂತಿಗಳನ್ನು ಬೆಸೆದಳು. ಅಡುಗೆಮನೆಯ ಒಗ್ಗರಣೆಯ ವಾಸನೆಯ ಜೊತೆ ಬೆಸುಗೆಯ ರಾಳದ ಹೊಗೆಯ ವಾಸನೆ ಬೆರೆತು ಮನೆಯೆಲ್ಲ ಹರಡಿತು.

ಆ ಸಂಜೆ ಪರದೆಯ ಮೇಲೆ ಎರಡು ಬಿಳಿ ಗೆರೆ, ನಡುವೆ ಪುಟಿಯುವ ಒಂದು ಬಿಳಿ ಚುಕ್ಕೆ ಕಾಣಿಸಿಕೊಂಡವು. ಟೆನ್ನಿಸ್ ಆಟ. ಡಬ್ಬಿಗೆ ತಂತಿಯಲ್ಲಿ ಕಟ್ಟಿದ್ದ ಒಂದೊಂದು ತಿರುಪುಗುಂಡಿ ತಿರುಗಿಸಿದರೆ ಒಂದೊಂದು ಗೆರೆ ಮೇಲೆ ಕೆಳಗೆ ಓಡುತ್ತಿತ್ತು. ಆದರೆ ತಿರುಪಿನ ತಂತಿಗಳು ಎಷ್ಟು ಗಿಡ್ಡವೆಂದರೆ ಇಬ್ಬರೂ ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಣೆಗೆ ಹಣೆ ಬಡಿದುಕೊಂಡು ಆಡಬೇಕಿತ್ತು.

"ಬ್ರಿಗೇಡ್ ರೋಡಲ್ಲಿ ನಿಂತ್ಕೊಂಡು ಆಡಿದ ಹಾಗೆ ಆಡ್ಬೇಕು ಪಂಕಜ. ಪೆಟ್ಟಿಗೆ ನಾನು ಮಾಡ್ತೀನಿ," ಎಂದ ಗೋಪೀನಾಥ.

ಹತ್ತಿರದ ಗೋಡೌನಿನಿಂದ ಟೀ ಪುಡಿ ಬರುವ ಪ್ಲೈವುಡ್ ಪೆಟ್ಟಿಗೆಗಳನ್ನು ಕೇಳಿ ತಂದ. ಹಲಗೆ ಬಿಡಿಸಿ, ಮೊಳೆ ಹೊಡೆದು, ಎದೆಯೆತ್ತರದ ಒಂದು ಗೂಡು ಮಾಡಿದ. ಸ್ವಲ್ಪ ವಾಲಿತ್ತು, ಆದರೂ ನಿಂತಿತ್ತು. ಟೀವಿಯ ಹೊರಮೈ ತೆಗೆದು ಒಳಗಿನದನ್ನಷ್ಟೇ ಆ ಗೂಡಿನಲ್ಲಿ ಓರೆಯಾಗಿ ಕೂರಿಸಿದರು. ಊಟಕ್ಕೆ ಎದ್ದುಹೋದರು.

ಗೋಪೀನಾಥ ಎರಡನೇ ತುತ್ತು ಮುದ್ದೆ ಮುರಿಯುತ್ತಿದ್ದಾಗ ನಡುಮನೆಯಲ್ಲಿ ಮರ ಸೀಳಿದ ಶಬ್ದವಾಯಿತು. ಹಿಂದೆಯೇ 'ಸುಸ್ಸ್' ಎಂದು ದೀರ್ಘವಾದ ಉಸಿರಿನಂಥ ಸದ್ದು. ಪಂಕಜಳಿಗೆ ಆ ಸದ್ದು ಗೊತ್ತಿತ್ತು. ಪಿಕ್ಚರ್ ಟ್ಯೂಬಿನ ಕುತ್ತಿಗೆ ಮುರಿದು ಗಾಳಿ ಒಳಗೆ ನುಗ್ಗಿದ ಸದ್ದು. ಕಾರ್ಖಾನೆಯಲ್ಲಿ ಅದು ಕೇಳಿದರೆ ಇಡೀ ಸಾಲು ಕೈ ನಿಲ್ಲಿಸಿ ತಿರುಗಿ ನೋಡುತ್ತಿತ್ತು. ಟೀವಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಅದೇ, ಮತ್ತು ಅದಕ್ಕೆ ರಿಪೇರಿ ಎಂಬುದೇ ಇಲ್ಲ.

ಗೂಡಿನ ತಳದ ಹಲಗೆ ಕಿತ್ತುಬಂದಿತ್ತು. ಗೋಪೀನಾಥ ಎಂಜಲು ಕೈಯಲ್ಲೇ ನಿಂತು ಅದನ್ನು ನೋಡಿದ. "ನನ್ನಿಂದ ಆಯ್ತು," ಎಂದ.

"ತೆಪ್ಪಗೆ ಬಿದ್ದಿದ್ದ ಟೀವೀನ ಗಂಡ ಹೆಂಡ್ತಿ ಸೇರ್ಕೊಂಡು ಹಾಳು ಮಾಡಿದ್ರಿ," ಎಂದರು ಅಣ್ಣಮ್ಮ. "ನನ್ ಹೂವಿನ ಕುಂಡ ಇಡಕ್ಕಾದ್ರೂ ಆಗ್ತಿತ್ತು."

ಗಾಜಿನ ಚೂರು ಯಾರ ಕಾಲಿಗೂ ಚುಚ್ಚದಿರಲೆಂದು ಪಂಕಜ ಪೊರಕೆ ತಂದಳು. ಗುಡಿಸುತ್ತಾ ಕಣ್ಣು ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಗುಡಿಸಿದಳು. ಆಗ ಜಗಲಿಯಿಂದ ದೊಡ್ಡಹನುಮಯ್ಯ ಒಳಗೆ ಬಂದರು. ಬಿದ್ದ ಗೂಡನ್ನು ಕಾಲಿನಿಂದ ಹೊರಳಿಸಿ ನೋಡಿದರು, ಒಂದು ಮೊಳೆಯನ್ನು ಬೆರಳಲ್ಲೇ ಹಿಡಿದು ಎಳೆದರು. ಅದು ಸಲೀಸಾಗಿ ಈಚೆ ಬಂತು.

"ಭಾರ ಎಲ್ಲಿ ಬೀಳ್ತದೆ ಇದರದ್ದು? ಮುಂದ್ಕೋ, ಹಿಂದ್ಕೋ?"

ಅವರು ಅಣ್ಣಮ್ಮನ ಕಡೆ ನೋಡಿರಲಿಲ್ಲ, ಗೋಪೀನಾಥನ ಕಡೆಯೂ ನೋಡಿರಲಿಲ್ಲ. ಮಾವ ತನ್ನನ್ನೇ ಕೇಳುತ್ತಿದ್ದಾರೆಂದು ಪಂಕಜಳಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ಮುಂದಕ್ಕೆ ಮಾವ. ದಪ್ಪ ಗಾಜೆಲ್ಲ ಮುಂದೇನೇ ಇರೋದು."

ಅವರು ತಲೆಯಾಡಿಸಿ ಹೊರಗೆ ಹೋದರು.

ಬೆಳಿಗ್ಗೆ ಹಿತ್ತಲಿನಿಂದ ಸುತ್ತಿಗೆಯ ಸದ್ದು ಬಂತು. ದೊಡ್ಡಹನುಮಯ್ಯ ಗಾಡಿಯ ತಳದ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ಬಿಸಿಲಿಗೆ ಹರವುತ್ತಿದ್ದರು. ಅಟ್ಟದ ಮೇಲಿದ್ದ ಉಳಿ, ಗರಗಸ ಕೆಳಗಿಳಿದಿದ್ದವು. ಅಣ್ಣಮ್ಮ ಬಾಗಿಲಲ್ಲಿ ನಿಂತು ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಗಾಡೀನೇ ಬಿಚ್ಬಿಟ್ರಾ?"

"ಎತ್ತಿಲ್ದಿರೋ ಗಾಡಿ. ಮಳೇಲಿ ನೆಂದು ಗೆದ್ಲು ತಿನ್ನೋಕಿಂತ ಇದು ವಾಸಿ," ಎಂದರು ಅವರು. ಆಮೇಲೆ ದನಿ ಎತ್ತರಿಸಿ, "ಪಂಕಜಮ್ಮ, ಎಷ್ಟು ಎತ್ತರ ಬೇಕು ಬಂದು ತೋರ್ಸವ್ವ" ಎಂದು ಕರೆದರು.

ಅವಳ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ಪೆಟ್ಟಿಗೆಗೆ ದಾರಿಯಾಯಿತು, ಟ್ಯೂಬು ಎಲ್ಲಿಂದ ತರುವುದು? ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಚನ್ನವೀರಪ್ಪ ಎಂಬುವರ ಟೀವಿ ರಿಪೇರಿ ಅಂಗಡಿ ಇತ್ತು. ಹಳೆಯ ಟ್ಯೂಬು ಇದ್ದರೆ ಕೇಳೋಣವೆಂದು ಪಂಕಜ ಹೊರಟಳು. ಒಬ್ಬಳನ್ನೇ ಕಳಿಸಲು ಒಪ್ಪದೆ ಅಣ್ಣಮ್ಮ ತಾವೂ ಚಪ್ಪಲಿ ಮೆಟ್ಟಿದರು.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲಸಕ್ಕಿದ್ದವನು ಮದರಾಸಿಗೆ ಹೋಗಿ ತಿರುಗಿ ಬಂದಿರಲಿಲ್ಲವಂತೆ. ಜನ ಬಿಟ್ಟುಹೋದ ಟೀವಿಗಳು ಒಂದರ ಮೇಲೊಂದು ಪೇರಿದ್ದವು. ಚನ್ನವೀರಪ್ಪ ಹಣೆ ಒರೆಸಿಕೊಳ್ಳುತ್ತಾ, "ಟ್ಯೂಬ್ ಇದೆ ತಾಯಿ, ಹುಡುಕೋಕೆ ಪುರಸೊತ್ತಿಲ್ಲ. ನಾಳೆಗೆ ಕೊಡ್ಬೇಕಾದ ಸೆಟ್ಟೇ ಹಿಂಗೆ ಕೈಕೊಟ್ಟು ಕೂತಿದೆ. ಒಂದ್ಸಲ ಚಿತ್ರ ಬರತ್ತೆ, ಒಂದ್ಸಲ ಹೋಗತ್ತೆ" ಎಂದರು.

"ನಾನು ನೋಡ್ಲಾ ಸಾರ್?"

ಅವರು ಅನುಮಾನದಿಂದಲೇ ಸ್ಟೂಲು ಸರಿಸಿದರು. ಪಂಕಜ ಪ್ಲಗ್ ಕಿತ್ತು, ಬೋರ್ಡನ್ನು ಬೆಳಕಿಗೆ ಓರೆ ಹಿಡಿದು ನೋಡಿದಳು. ಒಂದು ಕಡೆ ಬೆಸುಗೆ ಹೊಳಪು ಕಳೆದುಕೊಂಡು ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಿಸಿ ಮಾಡಿ ಹೊಸ ಬೆಸುಗೆ ಹಾಕಿದಳು. ಟೀವಿ ಹಚ್ಚಿ ಪಕ್ಕಕ್ಕೆ ತಟ್ಟಿದರು ಚನ್ನವೀರಪ್ಪ. ಚಿತ್ರ ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದರು.

"ಎಲ್ಲಿ ಕಲಿತ್ರಮ್ಮ?"

ಪಂಕಜ ಬಾಯಿ ತೆರೆಯುವ ಮೊದಲೇ ಅಣ್ಣಮ್ಮ ಹೇಳಿದರು: "ಕಾರ್ಖಾನೇಲಿದ್ಲು ಸ್ವಾಮಿ. ಟೀವಿ ಮಾಡೋ ಕಾರ್ಖಾನೆ." ಆ ದನಿಯಲ್ಲಿದ್ದ ಹೆಮ್ಮೆ ಅವರಿಗೇ ಹೊಸದಾಗಿ ಕೇಳಿಸಿರಬೇಕು. ಸೆರಗು ಸರಿಮಾಡಿಕೊಂಡು ಬೀದಿಯ ಕಡೆ ನೋಡಿದರು.

ಹೊರಡುವಾಗ ಅತ್ತೆಯ ಕಂಕುಳಲ್ಲಿ ರಿಪೇರಿಗೆ ಬಿದ್ದಿದ್ದ ಬೋರ್ಡುಗಳ ಚೀಲ, ಸೊಸೆಯ ತೋಳಲ್ಲಿ ಬಟ್ಟೆ ಸುತ್ತಿದ ಹಳೆಯ ಟ್ಯೂಬು. ಬೋರ್ಡುಗಳನ್ನು ಮನೆಯಲ್ಲೇ ಸರಿಮಾಡಿ ತಂದುಕೊಟ್ಟರೆ ಟ್ಯೂಬಿನ ಲೆಕ್ಕ ಚುಕ್ತಾ ಎಂದಿದ್ದರು ಚನ್ನವೀರಪ್ಪ. ಆಟೋದಲ್ಲಿ ಅಣ್ಣಮ್ಮ ಪ್ರತಿ ಗುಂಡಿಗೂ ಡ್ರೈವರನ್ನು ಬೈಯುತ್ತಾ ಬಂದರು.

ಮುಂದಿನ ಕೆಲವು ವಾರ ಹಿತ್ತಲಲ್ಲಿ ಮಾವ, ನಡುಮನೆಯಲ್ಲಿ ಸೊಸೆ. ದೊಡ್ಡಹನುಮಯ್ಯ ಮೊಳೆ ಮುಟ್ಟಲಿಲ್ಲ. ಹಲಗೆಗೆ ಹಲಗೆ ಕಚ್ಚಿಸಿ, ಬೆಣೆ ಬಡಿದು ಕೂರಿಸಿದರು. ಆಗಾಗ ಒಳಗೆ ಬಂದು, "ಈ ಚುಕ್ಕೆ ತಾನಾಗೇ ಹೆಂಗೆ ಓಡ್ತದೆ?" ಎಂದು ಕೇಳುವರು. ಪಂಕಜ ಹೇಳುವಳು. ಅರ್ಧ ಅರ್ಥವಾಗುತ್ತಿತ್ತೋ ಏನೋ, ಮರುದಿನ ಇನ್ನೊಂದು ಪ್ರಶ್ನೆ ತರುತ್ತಿದ್ದರು. ಪ್ಲಾಸ್ಟಿಕ್ ತಿರುಪುಗಳು ಅವರ ದಪ್ಪ ಬೆರಳಿಗೆ ಸಿಗುತ್ತಿರಲಿಲ್ಲ. ಅವುಗಳ ಜಾಗಕ್ಕೆ ಹಲಸಿನ ಮರದ ತುಂಡಿನಲ್ಲಿ ನಿಂಬೆಹಣ್ಣಿನ ಗಾತ್ರದ ಎರಡು ಹಿಡಿಗಳನ್ನು ಕೆತ್ತಿದರು. ಗೋಪೀನಾಥನಿಗೆ ಮರಳುಕಾಗದ ಕೊಟ್ಟು ಉಜ್ಜಲು ಕೂರಿಸಿದರು. ಅವನು ಆಫೀಸಿನಿಂದ ಬಂದವನೇ ಅಂಗಿ ಬಿಚ್ಚಿ ಉಜ್ಜುತ್ತಿದ್ದ.

ಪೆಟ್ಟಿಗೆ ಸಿದ್ಧವಾದ ದಿನ ಅಣ್ಣಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ಪಂಕಜ ಸ್ವಿಚ್ ಒತ್ತಿದಳು. ಟ್ಯೂಬು ಹಳೆಯದು, ನಿಧಾನವಾಗಿ ಬೆಳಗಿತು. ಚುಕ್ಕೆ ಹೊರಟಿತು. ಮೊದಲ ಆಟ ಅಪ್ಪ ಮಗನದು. ಗೋಪೀನಾಥ ಗೆದ್ದ. ಎರಡನೆಯದನ್ನೂ ಗೆದ್ದ. ದೊಡ್ಡಹನುಮಯ್ಯ ಸುಮ್ಮನೆ ಪಂಚೆ ಎತ್ತಿ ಕಟ್ಟಿಕೊಂಡು ಮತ್ತೆ ನಿಂತರು. ಅವತ್ತಿನಿಂದ ಬೆಳಗಿನ ಹೊತ್ತು ಅವರು ಜಗಲಿಯಲ್ಲಿ ಕಾಣಿಸುವುದು ಕಡಿಮೆಯಾಯಿತು. ಜೊತೆಗಾರರಿಲ್ಲದಿದ್ದರೆ ಅಣ್ಣಮ್ಮನನ್ನೇ ಕರೆಯುವರು. ಅವರು ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು, ಚುಕ್ಕೆ ತಪ್ಪಿಸಿಕೊಂಡಾಗಲೆಲ್ಲ "ಹಾಳಾದ್ದೇ, ಇತ್ಲಾಗ್ ಬಾ" ಎಂದು ಅದರ ಜೊತೆ ಜಗಳಾಡುವರು. ಒಂದು ದಿನ ಸಾರು ಉಕ್ಕಿ ಒಲೆ ಆರಿಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ರಿಪೇರಿಯ ಬೋರ್ಡುಗಳು ಬರುವುದು ಮಾತ್ರ ನಿಲ್ಲಲಿಲ್ಲ. ಟ್ಯೂಬಿನ ಲೆಕ್ಕ ತೀರಿದ ಮೇಲೂ ಚನ್ನವೀರಪ್ಪ ಕಳಿಸುತ್ತಲೇ ಇದ್ದರು, ಕೆಲಸಕ್ಕೆ ತಕ್ಕ ಹಣವನ್ನೂ ಕೊಡುತ್ತಿದ್ದರು. ದಸರಾ ಕಳೆದ ಮೇಲೆ ಒಂದು ಸಂಜೆ ಅವರೇ ಮನೆಗೆ ಬಂದರು. ಕಾಫಿ ಕುಡಿದು, ಪೆಟ್ಟಿಗೆಯಲ್ಲಿ ದೊಡ್ಡಹನುಮಯ್ಯನವರ ಮುಂದೆ ಸೋತು, ಆಮೇಲೆ ವಿಷಯಕ್ಕೆ ಬಂದರು.

"ಈಯಮ್ಮನ್ನ ಅಂಗಡಿಗೆ ಕಳ್ಸಿಕೊಡಿ ಅಂತ ಕೇಳೋಕೆ ಬಂದೆ. ಬೋರ್ಡ್ ಹೊತ್ಕೊಂಡು ಓಡಾಡೋದ್ರಲ್ಲೇ ಅರ್ಧ ಹಾಳಾಗ್ತಿವೆ. ಅಲ್ಲೇ ಒಂದು ಮೇಜು ಹಾಕ್ಕೊಡ್ತೀನಿ."

ಗೋಪೀನಾಥ ತಾಯಿಯ ಮುಖ ನೋಡಿದ. ದೊಡ್ಡಹನುಮಯ್ಯ ಮರದ ಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ನಂಗೆ ಹೋಗ್ಬೇಕು ಅನ್ಸತ್ತೆ ಅತ್ತೆ," ಎಂದಳು ಪಂಕಜ. ಹೇಳಿದ ಮೇಲೂ ತಲೆ ತಗ್ಗಿಸಲಿಲ್ಲ.

ಅಣ್ಣಮ್ಮ ಕಾಫಿ ಲೋಟಗಳನ್ನು ಒಂದರೊಳಗೊಂದು ಸೇರಿಸಿದರು. ಮತ್ತೆ ಬಿಡಿಸಿದರು.

"ಊರೋರು ಏನಂತಾರೆ ಅನ್ನೋದು ಬಿಡು," ಎಂದರು ಕೊನೆಗೆ. "ಮಧ್ಯಾಹ್ನ ಊಟಕ್ಕೇನು ಮಾಡ್ತೀಯ? ಆ ಬೀದೀಲಿ ಹೋಟ್ಲೂಟ ನಂಗಂತೂ ಸೇರಲ್ಲ."

"ಬುತ್ತಿ ತಗೊಂಡೋಗ್ತೀನಿ."

"ನೀನು ಕಟ್ಕೊಂಡ್ರೆ ಬರೀ ಮೊಸರನ್ನ ಕಟ್ಕೋತೀಯ. ನಾನೇ ಕಟ್ತೀನಿ." ಹಾಗೆಂದು ಲೋಟಗಳನ್ನೆತ್ತಿಕೊಂಡು ಒಳಗೆ ಹೋದರು. ಅಡುಗೆಮನೆಯಿಂದಲೇ ಕೂಗಿದರು: "ಕತ್ತಲಾಗೋಕೆ ಮುಂಚೆ ಮನೇಲಿರ್ಬೇಕು, ಅಷ್ಟು ಹೇಳ್ಬಿಡು ಅವ್ರಿಗೆ!"

ಚನ್ನವೀರಪ್ಪ ನಕ್ಕು ಕೈಮುಗಿದರು.

ಸೋಮವಾರ ಪಂಕಜ ಗಂಡನ ಜೊತೆ ವಿಜಯನಗರದ ಬಸ್ಸು ಹತ್ತಿದಳು. ಸೀಟು ಒಂದೇ ಸಿಕ್ಕಿತು. ಅವಳು ಕೂತಳು, ಅವನು ಪಕ್ಕದಲ್ಲಿ ಕಂಬಿ ಹಿಡಿದು ನಿಂತ. ತೊಡೆಯ ಮೇಲಿದ್ದ ಬುತ್ತಿ ಇನ್ನೂ ಬಿಸಿಯಾಗಿತ್ತು.

"ಏನು ಕಟ್ಟಿದಾರೆ ಅಮ್ಮ?" ಎಂದು ಅವನು ಬಗ್ಗಿ ಕೇಳಿದ.

"ಗೊತ್ತಿಲ್ಲ ರೀ, ತೆಗೆದು ನೋಡಕ್ಕೆ ಬಿಡ್ಲಿಲ್ಲ," ಎಂದಳು ಅವಳು. ಬಸ್ಸು ನಿಲ್ದಾಣ ಬಿಟ್ಟು ಮುಂದಕ್ಕೆ ಹೊರಟಿತು.