ಮಡಿ ಬಕೆಟ್ಟು ಮತ್ತು ಏಳನೇ ನಂಬರು

ಪ್ರಿನ್ಸ್‌ಟನ್ ಪಕ್ಕದ ಪ್ಲೇನ್ಸ್‌ಬರೋದ ಇತಿಹಾಸ ಬರೆಯುವವರು ಆ ಶನಿವಾರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಂದು ಬೆಳಗ್ಗೆ ತ್ರಿಪುರಸುಂದರಿಯವರ ಮಡಿ ಬಕೆಟ್ಟು ಕಾಣೆಯಾಯಿತು. ದೇವರ ನೀರಿಗಲ್ಲದೆ ಬೇರೆ ಯಾವುದಕ್ಕೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಬಕೆಟ್ಟು ಅಪಾರ್ಟ್‌ಮೆಂಟಿನ ಹಿಂದಿನ ಹಳ್ಳದ ದಂಡೆಯಲ್ಲಿ, ಅವರ ಗಂಡ ಪ್ರಭಾಕರರ ಕೈಯಲ್ಲಿತ್ತು. ಬಕೆಟ್ಟು ಖಾಲಿ; ಪ್ರಭಾಕರರ ಮುಖದ ತುಂಬ ಪುಣ್ಯ.

ಸಂಗತಿ ಇಷ್ಟು. ಮಗಳು ಧೃತಿಯ ಕ್ಲಾಸಿನಲ್ಲಿ ವಿಜ್ಞಾನದ ಪಾಠಕ್ಕೆಂದು ಕ್ರೇಫಿಶ್ ತರಿಸಿದ್ದರು. ಸಿಗಡಿಗೆ ಏಡಿಯ ಇಕ್ಕಳ ಅಂಟಿಸಿದಂಥ ಕೆಂಪು ಪ್ರಾಣಿ. ಗುರುತಿಗೆ ಬೆನ್ನ ಮೇಲೆ ನೇಲ್ ಪಾಲಿಶ್‌ನಲ್ಲಿ ನಂಬರು. ಪಾಠ ಮುಗಿದ ಮೇಲೆ ಏಳನೇ ನಂಬರು ಧೃತಿಯ ಜೊತೆ ಮನೆಗೆ ಬಂತು, ಟೀಚರ ಚೀಟಿಯೊಂದಿಗೆ: ಸಾಕಲಾಗದಿದ್ದರೆ ಫ್ರೀಜರಿನಲ್ಲಿಡಿ, ನೋವಿಲ್ಲದೆ ಸಾಯುತ್ತದೆ, ಹೊರಗೆ ಮಾತ್ರ ಬಿಡಬೇಡಿ. ತೆಂಗಿನ ತುರಿ, ಕರಿಬೇವು ಇರುವ ಫ್ರೀಜರಿನಲ್ಲಿ! ಪ್ರಭಾಕರರು ಚೀಟಿಯನ್ನು ಅಲ್ಲಿಂದ ಮುಂದೆ ಓದಲೇ ಇಲ್ಲ. ಅವರು ಔಷಧ ಕಂಪನಿಯಲ್ಲಿ ಇಲಿಗಳ ಸಾವನ್ನು ಶೇಕಡಾವಾರು ಲೆಕ್ಕ ಹಾಕುವವರು. ಇಲಿಯನ್ನು ಕಣ್ಣಾರೆ ಕಂಡವರಲ್ಲ.

ಹಳ್ಳದಲ್ಲಿ ನಿಂತು ಕಲ್ಲೆತ್ತಿ ನೋಡುತ್ತಿದ್ದ ನಬೀಲಾ ತಲೆಯೆತ್ತಿದಳು. ಮೈಸೂರಿನ ಹುಡುಗಿ, ಪ್ರಿನ್ಸ್‌ಟನ್ನಿನಲ್ಲಿ ಸಂಶೋಧನೆ. ಇಲ್ಲಿನ ಹುಟ್ಟು ತಳಿಯ ಕಂದು ಕ್ರೇಫಿಶ್ ಸುತ್ತಮುತ್ತ ಎಲ್ಲ ಕಡೆ ಅಳಿದು ಈ ಹಳ್ಳದಲ್ಲಷ್ಟೇ ಉಳಿದಿತ್ತು. ನಾಲ್ಕು ವರ್ಷದಿಂದ ಅವಳು ಅದನ್ನು ಕಾಯುತ್ತಿದ್ದಳು.

“ಏನ್ ಬಿಟ್ರಿ ಅಂಕಲ್?”

“ಒಂದು ಜೀವ ಉಳಿಸ್ದೆ ಕಣಮ್ಮ. ನಿನ್ನ ಕ್ರೇಫಿಶ್ ಪೈಕೀನೇ.”

“ಕೆಂಪಗಿತ್ತಾ?”

“ಕುಂಕುಮದ ಹಾಗೆ.”

ನಬೀಲಾ ದಂಡೆಯ ಮೇಲೆ ಕೂತೇಬಿಟ್ಟಳು. “ಅದು ಹೊರಗಿಂದು ಅಂಕಲ್. ಇಲ್ಲಿನವನ್ನ ಓಡ್ಸಿ ಜಾಗ ಹಿಡ್ಕೊಳತ್ತೆ.”

“ಹೊರಗಿಂದ ಬಂದೋರು ಅಂತ ನಾವೇ ಬೈಯೋದಾ?”

“ನೀವು ಪಕ್ಕದ ಮನೆ ಮಕ್ಕಳನ್ನ ತಿನ್ನಲ್ಲ ಅಂಕಲ್. ಬಾಲದ ಕೆಳಗೆ ಮೊಟ್ಟೆ ಇತ್ತಾ?”

“ಗೊಂಚಲೇ ಇತ್ತು. ಅದಕ್ಕೇ ಅಲ್ವಾ ಬಿಟ್ಟಿದ್ದು! ಬಸುರೀನ ಫ್ರೀಜರಿಗೆ ಹಾಕ್ತಾರಾ ಯಾರಾದ್ರೂ?”

“ಮುನ್ನೂರು ಮರಿ ಆಗ್ಬಹುದು ಅಂಕಲ್. ಮೊಟ್ಟೆ ಒಡೆಯೋದ್ರೊಳಗೆ ತಾಯಿ ಸಿಕ್ಕಿದ್ರೆ ಸರಿ. ಇಲ್ದಿದ್ರೆ ನಮ್ಮವು ಮುಗೀತು.”

ಅಂಕಿಗಳಲ್ಲೇ ಬದುಕಿದವರಿಗೆ ಅಂಕಿ ನಾಟಿತು. ಮುಖದ ಪುಣ್ಯ ಇಳಿಯಿತು. “ಹೇಗಮ್ಮ ಹಿಡಿಯೋದು?”

“ಬೋನಿಡ್ಬೇಕು. ಒಳಗೆ ಕೋಳಿ ಲಿವರು.”

ಪ್ರಭಾಕರರು ಕಣ್ಣು ಮುಚ್ಚಿ ಎಡಗೈ ಚಾಚಿದರು. “ಕೊಡು.” ನಬೀಲಾಳ ಚೀಲದಿಂದ ಕೈಗೆ ಬಂದದ್ದು ನೇರ ಬಕೆಟ್ಟಿಗೆ ಬಿತ್ತು.

ಬಕೆಟ್ಟು ಹುಡುಕುತ್ತ ತ್ರಿಪುರಸುಂದರಿ ಅಲ್ಲಿಗೆ ಬಂದದ್ದು ಸರಿಯಾಗಿ ಆಗಲೇ.

“ಏನ್ರೀ ಅದು, ನನ್ನ ಬಕೆಟ್ಟಲ್ಲಿ?”

“ಕೋಳಿ ಲಿವರು.”

ತ್ರಿಪುರಸುಂದರಿ ಗಂಡನ ಒದ್ದೆ ಪಂಚೆಯನ್ನೂ ನಬೀಲಾಳ ತುಂಬಿದ ಕಣ್ಣನ್ನೂ ನೋಡಿದರು. “ಬಕೆಟ್ಟು ಇನ್ನು ನಿಮ್ದೇ,” ಎಂದರು. ಮಧ್ಯಾಹ್ನ ಇಬ್ಬರಿಗೂ ಮೊಸರನ್ನ ಕಳಿಸಿದರು.

ಮೂರು ದಿನ, ಸೋಮವಾರ ಆಫೀಸಿಗೂ ರಜೆ ಹಾಕಿ, ಪ್ರಭಾಕರರು ಬೋನುಗಳನ್ನು ಕಾಯ್ದರು. ಅಂದು ಸಂಜೆ ಬೋನೊಂದರಲ್ಲಿ ಏಳನೇ ನಂಬರು ಕೂತಿತ್ತು, ಮೊಟ್ಟೆಯ ಗೊಂಚಲು ಹಾಗೇ ಇತ್ತು. ಅವರೇ ಡ್ರೈವ್ ಮಾಡಿ ನಬೀಲಾಳ ಲ್ಯಾಬಿಗೆ ತಂದರು.

“ನೀವು ಮನೆಗೆ ಹೋಗಿ ಅಂಕಲ್. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಬಿಟ್ಟಿದ್ದು ನಾನು ತಾನೇ?” ಎಂದು ಅವರೇ ಫ್ರೀಜರಿನ ಬಾಗಿಲು ತೆರೆದರು.

ಏಳನೇ ನಂಬರು ಸತ್ತಿತು. ಆ ವರ್ಷ ಹಳ್ಳದಲ್ಲಿ ಕೆಂಪು ಕ್ರೇಫಿಶ್ ಬೇರೊಂದು ಕಾಣಲಿಲ್ಲ.